ಒಂದೇ ಪೆಟ್ಟಿಗೆಯ ಸಿಗಾರು, ಮೂರು ಊರಿನ ತೀರ್ಪು: ಕೈಸುತ್ತಿನ ರೊಬುಸ್ಟೊ ಕುರಿತ ಚರ್ಚೆ

ತೊಗರಿಕಣಜ (ಕಲಬುರಗಿ):

ಕೈಯಲ್ಲಿ ಸುತ್ತಿದ ದುಬಾರಿ ಸಿಗಾರಿನ ಬಗ್ಗೆ ನಮ್ಮ ಬಳಗದಲ್ಲಿ ನಡೆಯುವ ಮಾತೆಲ್ಲ ಅದರ ಬೆಲೆ ಎಷ್ಟು, ದುಬೈನಿಂದ ಯಾರು ತಂದರು, ಸಿಗಾರಿಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ಯಾವ ಹೆಸರಿತ್ತು ಎಂಬಲ್ಲಿಗೇ ನಿಂತುಬಿಡುತ್ತದೆ. ಪಟ್ಟಿಯನ್ನು ಓದಿದ ಮೇಲೆ ನಾಲಿಗೆ ತನ್ನ ತೀರ್ಪನ್ನು ತಾನೇ ಕೊಡುವುದಿಲ್ಲ. ಆದ್ದರಿಂದ ಈ ಸಲ ಒಂದೇ ಪೆಟ್ಟಿಗೆಯ ಸಿಗಾರುಗಳ ಪಟ್ಟಿ ಬಿಚ್ಚಿ, ಬೀದರಿನ ಬಿದರಿಕುಸುರಿ ಅವರಿಗೂ ಯಾದಗಿರಿಯ ಭೀಮಾತೀರ ಅವರಿಗೂ ತಲಾ ಎರಡರಂತೆ ತಲುಪಿಸಿದ್ದೆ. ಇಬ್ಬರೂ ತಮ್ಮ ಟಿಪ್ಪಣಿ ಬರೆದು ಮುಗಿಸಿದ್ದಾರೆಂದು ತಿಳಿದ ಮೇಲೆಯೇ ನನ್ನದನ್ನು ಇಲ್ಲಿ ಹಾಕುತ್ತಿದ್ದೇನೆ. ಕಂಪನಿಯ ಹೆಸರನ್ನು ಬರೆಯುವುದಿಲ್ಲ. ತಂಬಾಕಿನ ಜಾಹೀರಾತನ್ನು 2003ರ ಕಾಯ್ದೆ ನಿಷೇಧಿಸಿದೆ. ನಾವು ಮಾಡುತ್ತಿರುವುದು ಜಾಹೀರಾತಲ್ಲವಾದರೂ ನಾಲ್ಕು ಸಾಲಿನ ಹೊಗಳಿಕೆ ಹಾಗೆ ಕಾಣಿಸುವುದು ಬೇಡ.

ಇದು ಐದು ಅಂಗುಲ ಉದ್ದದ, 50 ರಿಂಗ್ ಗೇಜಿನ, ರೊಬುಸ್ಟೊ ಎಂಬ ಅಳತೆಯ ಸಿಗಾರು. ಒಂದು ರಿಂಗ್ ಗೇಜ್ ಎಂದರೆ ಅಂಗುಲದ 64ನೆಯ ಒಂದು ಭಾಗ. ಹಾಗಾಗಿ ಇದರ ದಪ್ಪ ಎರಡು ಸೆಂಟಿಮೀಟರಿಗೆ ಸ್ವಲ್ಪವೇ ಕಡಿಮೆ. ಹೊರ ಎಲೆ ಎಕ್ವಡಾರಿನಲ್ಲಿ ಬೆಳೆದ ಹಬಾನೊ ತಳಿಯದು. ಅಲ್ಲಿ ಬೆಳೆಯ ಕಾಲದಲ್ಲಿ ಕವಿದಿರುವ ಮೋಡವೇ ನೆರಳಿನ ಬಟ್ಟೆಯ ಕೆಲಸ ಮಾಡುವುದರಿಂದ ಎಲೆ ತೆಳುವಾಗಿ, ನರ ಸಣ್ಣದಾಗಿ ಬರುತ್ತದೆ. ಒಳ ಎಲೆಗಳನ್ನು ಕಟ್ಟಿಹಿಡಿಯುವ ಬೈಂಡರ್ ಮತ್ತು ಒಳಗೆ ತುಂಬುವ ಫಿಲ್ಲರ್ ಎಲೆಗಳು ನಿಕರಾಗುವಾದವು: ಎಸ್ತೆಲಿ, ಹಲಾಪಾ, ಹಾಗೂ ಸರೋವರದ ನಡುವೆ ಎದ್ದಿರುವ ಜ್ವಾಲಾಮುಖಿಗಳ ದ್ವೀಪವಾದ ಒಮೆಟೆಪೆ. ಎಸ್ತೆಲಿಯ ನೆಲ ನಮ್ಮ ಎರೆಯಂತೆ ಕಪ್ಪು, ಅಲ್ಲಿಯ ಎಲೆ ಖಡಕ್ಕು. ಹಲಾಪಾದ್ದು ಅದಕ್ಕಿಂತ ಮೆದು, ಸಿಹಿಯ ಕಡೆಗೆ ವಾಲುವಂಥದ್ದು.

ಹಚ್ಚುವುದಕ್ಕೆ ಮೊದಲು ನೋಡಬೇಕಾದದ್ದು ಬಹಳಷ್ಟಿದೆ, ಆದರೆ ಹೆಚ್ಚಿನವರು ಆ ಹಂತವನ್ನು ಹಾರಿಸಿಬಿಡುತ್ತಾರೆ. ಹೊರ ಎಲೆಯ ಬಣ್ಣ ತುದಿಯಿಂದ ತುದಿಗೆ ಒಂದೇ ಸಮನಾದ ಕೆಂಗಂದು. ಬೆಳಕಿಗೆ ಹಿಡಿದರೆ ಎಣ್ಣೆಯ ತೆಳು ಹೊಳಪಿದೆ. ಎಲೆಯ ಸುತ್ತುಗಳು ಒಂದರ ಮೇಲೊಂದು ಕೂತ ಗೆರೆ ಕಣ್ಣಿಗಿಂತ ಉಗುರಿಗೇ ಮೊದಲು ಸಿಗುತ್ತದೆ. ಬಾಯಿಗಿಡುವ ತುದಿಯಲ್ಲಿ ಎಲೆಯ ಟೊಪ್ಪಿಯನ್ನು ಕ್ಯೂಬಾದ ಪದ್ಧತಿಯಂತೆ ಮೂರು ಸುತ್ತಿನಲ್ಲಿ ಕೂರಿಸಿದ್ದಾರೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಗುರವಾಗಿ ಒತ್ತುತ್ತ ಹೋದಾಗ ಎಲ್ಲೂ ಟೊಳ್ಳು ಸಿಗಲಿಲ್ಲ. ಹಚ್ಚುವ ತುದಿಯಿಂದ ಸುಮಾರು ಒಂದು ಅಂಗುಲ ಮೇಲೆ ಒಂದು ಗಟ್ಟಿ ಗಂಟು ಮಾತ್ರ ಸಿಕ್ಕಿತು. ಇಂಥ ಗಂಟು ದಪ್ಪ ನರ ಇದ್ದಲ್ಲಿಯೋ ಎಲೆ ತಿರುಚಿಕೊಂಡಲ್ಲಿಯೋ ಆಗುತ್ತದೆ. ಅದು ಮುಂದೆ ಹೊಗೆಯ ಎಳೆತಕ್ಕೆ ಅಡ್ಡಿಯಾಗಬಹುದೆಂದು ಅಲ್ಲಿಯೇ ಬರೆದಿಟ್ಟುಕೊಂಡೆ.

ಟೊಪ್ಪಿಯನ್ನು ಭುಜದ ಗೆರೆಯ ಮೇಲ್ಗಡೆ, ಎರಡು ಮಿಲಿಮೀಟರಿನಷ್ಟು ಮಾತ್ರ, ಜೋಡಿ ಅಲಗಿನ ಕಟರಿನಿಂದ ಒಂದೇ ಏಟಿಗೆ ಕತ್ತರಿಸಿದೆ. ಅದಕ್ಕಿಂತ ಕೆಳಗೆ ಇಳಿದರೆ ಹೊರ ಎಲೆ ಬಿಚ್ಚಿಕೊಳ್ಳುತ್ತದೆ. ಹಚ್ಚದೆಯೇ ಎಳೆದು ನೋಡಿದಾಗ ಒಣ ದ್ರಾಕ್ಷಿ, ಹುಲ್ಲಿನ ಬಣವೆ, ನಾಲಿಗೆಯ ತುದಿಗೆ ಸಣ್ಣ ಮೆಣಸು. ಎಳೆತ ಸ್ವಲ್ಪ ತಡೆದು ಬರುತ್ತಿತ್ತು, ಅದು ಇರಬೇಕಾದದ್ದೇ. ಗಾಳಿಯಷ್ಟೇ ಸಲೀಸಾಗಿ ಬಂದರೆ ಹೊಗೆ ಬಿಸಿಯಾಗಿ ರುಚಿ ಸುಟ್ಟುಹೋಗುತ್ತದೆ.

ಬ್ಯುಟೇನ್ ಲೈಟರಿನ ಜ್ವಾಲೆಯನ್ನು ತುದಿಗೆ ತಾಗಿಸದೆ, ಕೆಳಗೆ ಹಿಡಿದು, ಸಿಗಾರನ್ನು ತಿರುಗಿಸುತ್ತ ಅಂಚೆಲ್ಲ ಬೂದು ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿದೆ. ಆಮೇಲೆ ನಿಮಿಷಕ್ಕೊಂದು ಎಳೆತ. ಹೊಗೆಯನ್ನು ಎದೆಗೆ ಎಳೆದುಕೊಳ್ಳುವ ಪದ್ಧತಿ ಸಿಗಾರಿನಲ್ಲಿಲ್ಲ. ಬಾಯಲ್ಲಿ ಹಿಡಿದು, ಅದರಲ್ಲಿ ಸ್ವಲ್ಪವನ್ನು ಮೂಗಿನಿಂದ ಹೊರಬಿಟ್ಟರೆ ಪರಿಮಳದ ಪದರಗಳು ಬೇರೆಬೇರೆಯಾಗಿ ತಿಳಿಯುತ್ತವೆ.

ಸಿಗಾರಿನ ಉದ್ದವನ್ನು ಮೂರು ಪಾಲು ಮಾಡಿ ನೋಡಿದರೆ, ಮೊದಲ ಪಾಲಿನಲ್ಲಿ ಕರಿಮೆಣಸು ಮುಂದಿತ್ತು, ಅದರ ಹಿಂದೆ ಹುರಿದ ಶೇಂಗಾ. ಅಂಗುಲದಷ್ಟು ಸುಟ್ಟು ಆ ಗಂಟನ್ನು ದಾಟುವಾಗ ಉರಿಯ ಗೆರೆ ಒಂದು ಪಕ್ಕಕ್ಕೆ ವಾಲಿತಾದರೂ ನಾನು ಲೈಟರ್ ಹಿಡಿಯಲಿಲ್ಲ. ಹಿಂದುಳಿದ ಬದಿಯನ್ನು ಕೆಳಗೆ ಮಾಡಿ ಹಿಡಿದೆ, ತಾನಾಗಿ ಸರಿಹೋಯಿತು. ಎರಡನೆಯ ಪಾಲು ಈ ಸಿಗಾರಿನ ಜೀವಾಳ. ಮೆಣಸು ಹಿಂದೆ ಸರಿದು, ಹದವಾಗಿ ಹುರಿದ ಗುರೆಳ್ಳು, ಕರಿಬೆಲ್ಲ, ಮೂಗಿನಲ್ಲಿ ಮೊದಲ ಮಳೆಗೆ ನೆನೆದ ಎರೆಮಣ್ಣು. ಹೊಗೆಗೆ ನಾಲಿಗೆಯ ಮೇಲೆ ಕೆನೆಯಂಥ ಮೈ ಇತ್ತು, ನುಣುಪಾಗಿಯೂ ತೂಕವಾಗಿಯೂ. ಬೂದಿ ತಿಳಿ ಬೂದು ಬಣ್ಣದ್ದು, ಒಂದು ಅಂಗುಲ ದಾಟಿದರೂ ಉದುರಲಿಲ್ಲ. ಕೊನೆಯ ಪಾಲಿನಲ್ಲಿ ಖಾರ ಮತ್ತೆ ಏರಿತು, ಕಷಾಯದ ಒಗರು ಬಂತು, ಸಿಹಿ ಕರಗಿತು. ಮುಕ್ಕಾಲು ಭಾಗ ದಾಟಿದ ಮೇಲೆ ಒಂದು ಕಹಿ ಕಾಣಿಸಿಕೊಂಡು ಕೊನೆಯವರೆಗೂ ಉಳಿಯಿತು. ಅದು ನನಗೆ ಸಹ್ಯವಾಗಿತ್ತು.

ಅಂಕಗಳನ್ನು ಅಮೆರಿಕದ 'ಸಿಗಾರ್ ಅಫಿಷಿಯನಾಡೊ' ಪತ್ರಿಕೆಯ ಹಂಚಿಕೆಯಂತೆ ಕೊಟ್ಟಿದ್ದೇನೆ. ನೋಟ ಮತ್ತು ಕಟ್ಟೋಣಕ್ಕೆ 15ರಲ್ಲಿ 13, ರುಚಿಗೆ 25ರಲ್ಲಿ 21, ಎಳೆತ ಮತ್ತು ಉರಿಗೆ 25ರಲ್ಲಿ 23, ಒಟ್ಟು ಅನಿಸಿಕೆಗೆ 35ರಲ್ಲಿ 31. ಕೂಡಿಸಿದರೆ 88.

ಬಿದರಿಕುಸುರಿ (ಬೀದರ್):

ತೊಗರಿಕಣಜ ಅವರಿಗೆ ನಮಸ್ಕಾರ. ನನ್ನ ಕೈಗೆ ಬಂದ ಸಿಗಾರಿನಲ್ಲಿ ಆ ಗಂಟು ಇರಲಿಲ್ಲ, ನೋಟಕ್ಕೆ 14 ಕೊಟ್ಟಿದ್ದೇನೆ. ರುಚಿಯ ವಿಷಯದಲ್ಲಿ ನನಗೆ ಬೆಲ್ಲ ಅಷ್ಟಾಗಿ ಸಿಗಲಿಲ್ಲ. ನಾನು ಸಕ್ಕರೆಯಿಲ್ಲದ ಕಪ್ಪು ಕಾಫಿಯೊಡನೆ ಸೇದಿದ್ದು ಅದಕ್ಕೆ ಕಾರಣವಿರಬಹುದು; ಆದರೆ ಶೇಂಗಾ ಮತ್ತು ಮಣ್ಣಿನ ವಾಸನೆಯ ಬಗ್ಗೆ ನಮ್ಮಿಬ್ಬರ ಟಿಪ್ಪಣಿ ಹೆಚ್ಚುಕಡಿಮೆ ಒಂದೇ ಆಗಿದೆ. ನಾನು ಹೆಚ್ಚಾಗಿ ಬರೆದುಕೊಂಡಿದ್ದು ಸೀಡರ್ ಮರದ ವಾಸನೆಯನ್ನು. ಅದು ಪೆಟ್ಟಿಗೆಯಿಂದ ಬಂದದ್ದೋ ಎಲೆಯದೋ ಎಂದು ಬೇರ್ಪಡಿಸುವುದು ಕಷ್ಟ.

ಒಂದು ದೋಷ ಮಾತ್ರ ನನ್ನನ್ನು ಕಾಡಿತು. ಎರಡನೆಯ ಪಾಲಿನಲ್ಲಿ ಹೊರ ಎಲೆ ಉರಿಯ ಗೆರೆಗಿಂತ ಸ್ವಲ್ಪ ಮೇಲೆ ಉದ್ದಕ್ಕೆ ಸೀಳಿತು. ಸೀಳಿನಿಂದ ಗಾಳಿ ಒಳಹೊಕ್ಕು ಎಳೆತ ಸಡಿಲವಾಯಿತು. 65 ಶೇಕಡಾ ತೇವ ಕಾಯ್ದುಕೊಳ್ಳುವ ಪೊಟ್ಟಣ ಹಾಕಿದ ಡಬ್ಬಿಯಲ್ಲಿಯೇ ಇಟ್ಟಿದ್ದೆನಾದ್ದರಿಂದ ಒಣಗಿತ್ತೆಂದು ಹೇಳಲಾರೆ. ರುಚಿಗೆ 20, ಎಳೆತ ಮತ್ತು ಉರಿಗೆ 22, ಒಟ್ಟು ಅನಿಸಿಕೆಗೆ 30. ಎಲ್ಲ ಸೇರಿ 86.

ಬೂದಿಯ ಬಗ್ಗೆ ಒಂದು ಮಾತು. ಬಿಳಿ ಬೂದಿ ಎಂದರೆ ಒಳ್ಳೆಯ ಸಿಗಾರು ಎಂಬ ನಂಬಿಕೆ ಹಲವರಲ್ಲಿದೆ. ಬಣ್ಣ ನಿರ್ಧಾರವಾಗುವುದು ಬಹುಮಟ್ಟಿಗೆ ಬೆಳೆದ ಮಣ್ಣಿನ ಖನಿಜಗಳಿಂದ, ಅದರಲ್ಲೂ ಮೆಗ್ನೀಸಿಯಂನಿಂದ. ಬೂದಿ ಗಟ್ಟಿಯಾಗಿ ನಿಂತರೆ ಒಳಗೆ ಉದ್ದ ಎಲೆಯನ್ನು ನೇರವಾಗಿ ಜೋಡಿಸಿದ್ದಾರೆಂದು ತಿಳಿಯಬಹುದು. ಬಣ್ಣಕ್ಕೆ ನಾನು ಅಂಕ ಕೊಡುವುದಿಲ್ಲ.

ಭೀಮಾತೀರ (ಯಾದಗಿರಿ):

ಇಬ್ಬರೂ ಹಿರಿಯರ ಟಿಪ್ಪಣಿ ಓದಿದ ಮೇಲೆ ನನ್ನದನ್ನು ಹಾಕಲು ಸಂಕೋಚವಾಗುತ್ತಿದೆ, ಆದರೆ ಮೊದಲೇ ಬರೆದಿಟ್ಟದ್ದನ್ನು ತಿದ್ದುವುದು ಸರಿಯಲ್ಲ. ನನ್ನ ತೀರ್ಪು 61. ನೋಟಕ್ಕೆ 12, ರುಚಿಗೆ 16, ಎಳೆತ ಮತ್ತು ಉರಿಗೆ 11, ಒಟ್ಟು ಅನಿಸಿಕೆಗೆ 22.

ಎಳೆಯುವಾಗ ಕೆನ್ನೆ ಒಳಗೆ ಹೋಗುವಷ್ಟು ಬಿಗಿಯಾಗಿತ್ತು. ಮೊದಲ ಪಾಲು ಮುಗಿಯುವುದರೊಳಗೆ ಆರಿತು, ಮತ್ತೆ ಹಚ್ಚಿದೆ, ಮತ್ತೆ ಆರಿತು. ಒಳಗಿನ ಎಲೆ ಉರಿಯದೆ ಹೊರ ಎಲೆ ಮಾತ್ರ ಮುಂದೆ ಓಡುತ್ತಿತ್ತು. ನಿಮಗೆ ಸಿಕ್ಕ ಬೆಲ್ಲ, ಗುರೆಳ್ಳು ಯಾವುದೂ ನನಗೆ ಸಿಗಲಿಲ್ಲ. ಹಸಿ ಕಟ್ಟಿಗೆಯ ಹೊಗೆ, ಹುಳಿ, ಆಮೇಲೆ ಕಹಿ. ಇಷ್ಟು ಬೆಲೆಯ ಸಿಗಾರು ಹೀಗಿರುವುದಾದರೆ ಸುತ್ತಿದವರ ಕೈ ಸರಿಯಿಲ್ಲವೆಂದೇ ನನ್ನ ಅಭಿಪ್ರಾಯ.

ತೊಗರಿಕಣಜ (ಕಲಬುರಗಿ):

ಭೀಮಾತೀರ ಅವರೇ, ಸಂಕೋಚ ಬೇಡ. ನಿಮ್ಮ ಟಿಪ್ಪಣಿಯೇ ಇವುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಸುತ್ತಿದವರನ್ನು ದೂರುವ ಮೊದಲು ನೀವು ಅದನ್ನು ಎಲ್ಲಿ, ಹೇಗೆ ಇಟ್ಟಿದ್ದಿರಿ ಎಂಬುದನ್ನು ತಿಳಿಸಿ. ಬಿಗಿ ಎಳೆತ, ಮತ್ತೆ ಮತ್ತೆ ಆರುವುದು, ಒಳ ಎಲೆ ಹಿಂದುಳಿಯುವುದು, ಹುಳಿ ವಾಸನೆ: ಈ ನಾಲ್ಕೂ ಒಟ್ಟಿಗೆ ಬಂದರೆ ಅದು ತೇವ ಕುಡಿದ ಎಲೆಯ ಲಕ್ಷಣ. ನೀರು ಹೀರಿದ ಎಲೆ ಉಬ್ಬಿ, ಎಲೆಗಳ ನಡುವೆ ಗಾಳಿ ಹೋಗುವ ದಾರಿಯನ್ನು ಮುಚ್ಚಿಬಿಡುತ್ತದೆ. ಸುತ್ತುವಾಗಲೇ ಎಲೆ ಹೆಚ್ಚಾಗಿ ತುರುಕಿದ್ದರೆ ಎಳೆತ ಬಿಗಿಯಾಗುತ್ತದೆ ನಿಜ, ಆದರೆ ಹೊಗೆಗೆ ಹುಳಿ ಬರಬೇಕಾಗಿಲ್ಲ. ಇಂದು ಅನೇಕ ಕಾರ್ಖಾನೆಗಳಲ್ಲಿ ಹೊರ ಎಲೆ ಸುತ್ತುವ ಮೊದಲೇ ಎಳೆತವನ್ನು ಯಂತ್ರಕ್ಕಿಟ್ಟು ಅಳೆಯುತ್ತಾರೆ.

ಬಿದರಿಕುಸುರಿ ಅವರಿಗೂ ಒಂದು ಪ್ರಶ್ನೆ. ನೀವು ಸೇದಿದ್ದು ಮನೆಯ ಒಳಗೋ, ಮಾಳಿಗೆಯ ಮೇಲೋ?

ಬಿದರಿಕುಸುರಿ (ಬೀದರ್):

ಮಾಳಿಗೆಯ ಮೇಲೆ, ಮಧ್ಯಾಹ್ನ ನಾಲ್ಕರ ಹೊತ್ತಿಗೆ. ಗಾಳಿ ಜೋರಾಗಿಯೇ ಇತ್ತು.

ತೊಗರಿಕಣಜ (ಕಲಬುರಗಿ):

ಹಾಗಾದರೆ ಸೀಳಿದ್ದಕ್ಕೆ ಕಾರಣ ಅಲ್ಲಿಯೇ ಇದೆ. ಹೊರ ಎಲೆ ಎಲ್ಲಕ್ಕಿಂತ ತೆಳು, ಗಾಳಿಗೆ ಮೊದಲು ಒಣಗುವುದೂ ಅದೇ. ಡಬ್ಬಿಯ 65 ಶೇಕಡಾ ತೇವದಿಂದ ನಮ್ಮ ಬೇಸಿಗೆಯ ಒಣಗಾಳಿಗೆ ನೇರವಾಗಿ ತಂದು ಹಚ್ಚಿದಾಗ ಹೊರ ಎಲೆ ಕುಗ್ಗುತ್ತದೆ, ಒಳಗಿನ ಎಲೆ ಬಿಸಿಗೆ ಹಿಗ್ಗುತ್ತದೆ. ಸೀಳದೆ ಇನ್ನೇನಾದೀತು? ಬೀದರು ಎತ್ತರದಲ್ಲಿರುವುದರಿಂದ ನಮ್ಮಲ್ಲಿಗಿಂತ ತಂಪು, ಆದರೂ ಆ ಹೊತ್ತಿನ ಗಾಳಿಯಲ್ಲಿ ತೇವ ಎಲ್ಲಿಯದು. ನಾನು ಸೇದಿದ್ದು ಶಹಾಬಾದ ಕಲ್ಲು ಹಾಸಿದ ಒಳಕೋಣೆಯಲ್ಲಿ, ಸೂರ್ಯ ಮುಳುಗಿದ ಮೇಲೆ, ಗಾಳಿ ಬೀಸದ ಕಡೆ ಕೂತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದಾಗ ಒಳಗೆ ಸೇದುವುದನ್ನು ನಾನು ಒಪ್ಪುವುದಿಲ್ಲ.

ಭೀಮಾತೀರ (ಯಾದಗಿರಿ):

ನನ್ನದು ಮರದ ಚಿಕ್ಕ ಪೆಟ್ಟಿಗೆ, ಹಸಿರು ಸ್ಪಂಜಿನ ತೇವದ ಡಬ್ಬಿ ಅದರ ಜೊತೆಗೇ ಬಂದದ್ದು. ಮುಚ್ಚಳದ ಮೇಲಿನ, ತೇವ ಅಳೆಯುವ ಮುಳ್ಳಿನ ಮೀಟರ್ ಸದಾ 68 ತೋರಿಸುತ್ತದೆ. ಪೆಟ್ಟಿಗೆ ಇರುವುದು ಬೇಸಿಗೆಯುದ್ದಕ್ಕೂ ಕೂಲರ್ ಓಡುವ ಕೋಣೆಯಲ್ಲಿ. 65ರಿಂದ 70ರ ನಡುವೆ ಇರಬೇಕೆಂದು ಎಲ್ಲರೂ ಹೇಳುವುದರಿಂದ 68 ಸರಿಯಾಗಿಯೇ ಇದೆ ಎಂದುಕೊಂಡಿದ್ದೆ.

ತೊಗರಿಕಣಜ (ಕಲಬುರಗಿ):

ಆ ಮುಳ್ಳಿನ ಮೀಟರನ್ನು ಒಮ್ಮೆ ಉಪ್ಪಿನ ಪರೀಕ್ಷೆಗೆ ಒಡ್ಡಿ ನೋಡಿ. ಬಾಟಲಿಯ ಮುಚ್ಚಳವೊಂದಕ್ಕೆ ಅಡುಗೆ ಉಪ್ಪು ತುಂಬಿ, ಕೆಲವು ಹನಿ ನೀರು ಬಿಟ್ಟು, ಉಪ್ಪು ಕರಗದೆ ಒದ್ದೆ ಮರಳಿನ ಹದಕ್ಕೆ ಬರುವಂತೆ ಮಾಡಿ. ಅದನ್ನೂ ಮೀಟರನ್ನೂ ಒಂದು ಜಿಪ್ ಚೀಲದಲ್ಲಿಟ್ಟು, ಗಾಳಿಯಾಡದಂತೆ ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೀಲವನ್ನು ತೆರೆಯದೆಯೇ ಓದಿ. ತೊಯ್ದ ಉಪ್ಪು ಮುಚ್ಚಿದ ಜಾಗದ ಗಾಳಿಯನ್ನು 75 ಶೇಕಡಾ ತೇವಕ್ಕೆ ತಂದು ನಿಲ್ಲಿಸುತ್ತದೆ. ನಮ್ಮ ಕೋಣೆಯ ತಾಪಮಾನ ಸ್ವಲ್ಪ ಏರಿದರೂ ಇಳಿದರೂ ಆ ಅಂಕಿ ಹೆಚ್ಚು ಕದಲುವುದಿಲ್ಲ. ಮೀಟರ್ ಎಷ್ಟು ತೋರಿಸುತ್ತದೋ ಅದಕ್ಕೂ 75ಕ್ಕೂ ಇರುವ ವ್ಯತ್ಯಾಸವೇ ಅದರ ತಪ್ಪು.

ಹೊಸಬಸೇಡಂ (ಸೇಡಂ):

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಈ ವಿಷಯಕ್ಕೆ ಹೊಸಬ. ನಮ್ಮ ಮುತ್ಯಾ ಚುಟ್ಟಾ ಸೇದುತ್ತಿದ್ದುದನ್ನು ನೋಡಿ ಬೆಳೆದವನು. ಅದರಲ್ಲಿ ರುಚಿ ಹುಡುಕುವುದಿದೆ ಎಂದು ಯಾರೂ ಹೇಳಿರಲಿಲ್ಲ. ವಿದೇಶದ ವಿಮರ್ಶೆಗಳಲ್ಲಿ ಚರ್ಮ, ಕೋಕೊ, ಓಕ್ ಮರ ಎಂದೆಲ್ಲ ಬರೆದಿರುತ್ತಾರೆ. ಇವನ್ನೆಲ್ಲ ಎಲೆಗೆ ಹೊರಗಿನಿಂದ ಹಾಕುತ್ತಾರೆಯೇ? ಹಾಕದಿದ್ದರೆ ಬರುವುದಾದರೂ ಎಲ್ಲಿಂದ?

ತೊಗರಿಕಣಜ (ಕಲಬುರಗಿ):

ಒಳ್ಳೆಯ ಪ್ರಶ್ನೆ ಕೇಳಿದಿರಿ. ಪರಿಮಳ ಬೆರೆಸಿದ ಸಿಗಾರುಗಳು ಬೇರೆಯೇ ಇವೆ. ನಾವು ಮಾತಾಡುತ್ತಿರುವ ಬಗೆಯಲ್ಲಿ ಎಲೆಯ ಹೊರತು ಇರುವುದು ಟೊಪ್ಪಿ ಅಂಟಿಸುವ ಸಸ್ಯಜನ್ಯ ಗೋಂದು ಮಾತ್ರ. ರುಚಿಯ ಬಹುಪಾಲು ಹುಟ್ಟುವುದು ಎಲೆಗೆ ಹುದುಗು ಬರಿಸುವ ಹಂತದಲ್ಲಿ. ಒಣಗಿಸಿದ ಎಲೆಯನ್ನು ಕಟ್ಟುಕಟ್ಟಾಗಿ ಆಳೆತ್ತರದ ಬಣವೆ ಹಾಕುತ್ತಾರೆ. ಆ ಬಣವೆಗೆ ಸ್ಪ್ಯಾನಿಷ್‌ನಲ್ಲಿ ಪಿಲೋನ್ ಎನ್ನುತ್ತಾರೆ. ಎಲೆಯ ತೇವ ಮತ್ತು ಒಟ್ಟಿದ ಭಾರಕ್ಕೆ ಒಳಗೆ ತಾನಾಗಿಯೇ ಶಾಖ ಏರುತ್ತದೆ. ಮಿತಿ ಮುಟ್ಟಿದೊಡನೆ ಬಣವೆ ಕಿತ್ತು, ಒಳಗಿದ್ದುದು ಹೊರಗೆ ಬರುವಂತೆ ಮತ್ತೆ ಒಟ್ಟುತ್ತಾರೆ. ಈ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ, ಕಪ್ಪು ಮದೂರೊ ಎಲೆಗಾದರೆ ಇನ್ನೂ ಹೆಚ್ಚು. ಅಮೋನಿಯಾ ಹೊರಗೆ ಹೋಗುತ್ತದೆ, ಎಲೆಯ ಒರಟುತನ ತಗ್ಗುತ್ತದೆ, ಬಣ್ಣ ಗಾಢವಾಗುತ್ತದೆ. ಸಿಗಾರು ಸೇದುವಾಗ ಮೂಗಿಗೆ ಗೊಬ್ಬರದ ಗುಂಡಿಯ ಘಾಟು ಬಡಿದರೆ ಈ ಹಂತವನ್ನು ಅವಸರದಲ್ಲಿ ಮುಗಿಸಿದ್ದಾರೆಂದೇ ಅರ್ಥ. ಅದನ್ನು ಡಬ್ಬಿಯಲ್ಲಿ ಹಲವು ತಿಂಗಳು ಇಟ್ಟರೆ ಸ್ವಲ್ಪ ಮಟ್ಟಿಗೆ ಕಡಿಮೆಯಾದೀತು.

ಎಲೆ ಗಿಡದ ಯಾವ ಎತ್ತರದಿಂದ ಬಂತೆಂಬುದೂ ಮುಖ್ಯ. ಕೆಳಗಿನ ವೊಲಾಡೊ ಎಲೆ ಚೆನ್ನಾಗಿ ಉರಿಯುತ್ತದೆ, ರುಚಿ ಕಡಿಮೆ. ನಡುವಿನ ಸೆಕೊ ಪರಿಮಳಕ್ಕೆ. ತುದಿಯ ಲಿಹೆರೊ ಬಿಸಿಲು ಕುಡಿದು ದಪ್ಪವಾದ ಖಡಕ್ ಎಲೆ, ನಿಧಾನವಾಗಿ ಉರಿಯುವುದರಿಂದ ಅದನ್ನು ಸಿಗಾರಿನ ನಟ್ಟನಡುವೆ ಇಡುತ್ತಾರೆ. ಉರಿ ಮುಂದೆ ಸಾಗಿದಂತೆ ಹೊಗೆಯ ಸತ್ವ ಹಿಂದಿನ ಎಲೆಯಲ್ಲಿ ಸೇರುತ್ತ ಹೋಗುತ್ತದೆ. ಕೊನೆಯ ಪಾಲು ಯಾವಾಗಲೂ ಹೆಚ್ಚು ಖಾರವಾಗಿರುವುದು ಇದರಿಂದಲೇ.

ಇನ್ನು ರುಚಿ ಗುರುತಿಸುವ ವಿಚಾರ. ನೀವು ತಿಂದಿರದ ಪದಾರ್ಥದ ಹೆಸರನ್ನು ಬರೆಯಬೇಡಿ. ನಮ್ಮ ಅಡುಗೆಮನೆಯಲ್ಲಿ ಹುರಿಯುವ ವಾಸನೆಗಳೇ ಬೇಕಾದಷ್ಟಿವೆ: ಶೇಂಗಾ, ಎಳ್ಳು, ಗುರೆಳ್ಳು, ತೊಗರಿಬೇಳೆ, ಒಣಕೊಬ್ಬರಿ, ಕೆಂಡದಲ್ಲಿ ಸುಟ್ಟ ಜೋಳದ ಸೀತನಿ. ಇವುಗಳಲ್ಲಿ ಒಂದಕ್ಕೊಂದು ಎಷ್ಟು ಬೇರೆ ಎಂಬುದನ್ನು ನಿಮ್ಮ ಮೂಗು ಆಗಲೇ ಬಲ್ಲದು. ಊಟಕ್ಕೆ ಬೆಳ್ಳುಳ್ಳಿ ಖಾರ ಅಥವಾ ರಂಜಕ ತಿಂದ ದಿನ ಮಾತ್ರ ಸಿಗಾರನ್ನು ಪರೀಕ್ಷೆಗೆ ಕೂರಿಸಬೇಡಿ, ಎರಡು ಗಂಟೆಯಾದರೂ ನಾಲಿಗೆ ತನ್ನ ಹದಕ್ಕೆ ಬಂದಿರುವುದಿಲ್ಲ. ಜೊತೆಗೆ ನೀರು ಸಾಕು.

ದಂತಚಿಂತನೆ (ಕಲಬುರಗಿ):

ನಾನು ಹಲ್ಲಿನ ವೈದ್ಯಕೀಯದಲ್ಲಿರುವವನು, ಈ ಚರ್ಚೆಯನ್ನು ಕುತೂಹಲದಿಂದಲೇ ಓದುತ್ತಿದ್ದೇನೆ. ಹೊಸಬರು ಓದುತ್ತಿರುವುದರಿಂದ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. "ಎದೆಗೆ ಎಳೆಯುವುದಿಲ್ಲ" ಎಂಬುದನ್ನು ಕೆಲವರು "ಅಪಾಯವಿಲ್ಲ" ಎಂದು ಓದಿಕೊಳ್ಳುತ್ತಾರೆ. ಸಿಗಾರಿನ ಹೊಗೆ ಸಿಗರೇಟಿನ ಹೊಗೆಗಿಂತ ಕ್ಷಾರೀಯವಾದ್ದರಿಂದ ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪ್ರಕಾರ ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕು ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಹಾಗೂ ವಸಡಿನ ರೋಗಕ್ಕೆ ಸಿಗಾರು ನೇರ ಕಾರಣ. ಗುಟ್ಕಾ ತಿಂದು ಹಾಳಾದ ಬಾಯಿಗಳನ್ನು ಈ ಭಾಗದಲ್ಲಿ ದಿನವೂ ನೋಡುವವನಾಗಿ ಹೇಳುತ್ತಿದ್ದೇನೆ. ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ 21 ವರ್ಷದೊಳಗಿನವರಿಗೆ ಯಾವ ತಂಬಾಕನ್ನೂ ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1,000 ರೂಪಾಯಿಯವರೆಗೆ ಇದೆ.

ತೊಗರಿಕಣಜ (ಕಲಬುರಗಿ):

ವೈದ್ಯರ ಮಾತಿಗೆ ಎದುರಾಡುವಂಥದ್ದೇನಿಲ್ಲ. ಸೇದದವರು ಸೇದಲು ಕಲಿಯಲೆಂದು ನಾನು ಇದನ್ನು ಬರೆಯುತ್ತಿಲ್ಲ. ಖಾಲಿ ಹೊಟ್ಟೆಯಲ್ಲಿ ಖಡಕ್ ಸಿಗಾರು ಹಚ್ಚಿ ತಲೆ ಸುತ್ತಿ ಬೆವರಿದವರು ಸಾಕಷ್ಟು ಜನ ಇದ್ದಾರೆ. ಹಾಗಾದರೆ ಸಿಗಾರನ್ನು ಅಲ್ಲಿಯೇ ಬಿಟ್ಟು, ಬೆಲ್ಲವೋ ಸಕ್ಕರೆಯೋ ಬಾಯಿಗೆ ಹಾಕಿಕೊಂಡು ಕೂರಬೇಕು.

ಗಾಜಿನಮುಚ್ಚಳ (ಬಸವಕಲ್ಯಾಣ):

ನನಗೆ ಪರಿಚಯದವರೊಬ್ಬರು ವಿದೇಶದಿಂದ ಬರುವಾಗ ಕ್ಯೂಬಾದ ಸಿಗಾರಿನ ಪೆಟ್ಟಿಗೆ ತಂದುಕೊಟ್ಟಿದ್ದಾರೆ. ಮುಚ್ಚಳ ಗಾಜಿನದು, ಒಳಗಿನ ಸಿಗಾರುಗಳು ಕಾಣಿಸುತ್ತವೆ. ಕತ್ತರಿಸಿ ನೋಡಿದಾಗ ಒಳಗೆ ಪುಡಿ ಪುಡಿ ಎಲೆ ಇತ್ತು. ಇದನ್ನೂ ನಿಮ್ಮ ಅಂಕಪದ್ಧತಿಯಲ್ಲಿ ಪರೀಕ್ಷಿಸಬಹುದೇ?

ಬಿದರಿಕುಸುರಿ (ಬೀದರ್):

ಪರೀಕ್ಷಿಸುವ ಶ್ರಮ ಬೇಡ, ಅದು ನಕಲಿ. ಕ್ಯೂಬಾದವರು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಸಿಗಾರು ಮಾರುವುದಿಲ್ಲ. ಅಸಲಿ ಪೆಟ್ಟಿಗೆಯ ತಳದಲ್ಲಿ ಕಾಯಿಸಿದ ಅಚ್ಚಿನಿಂದ ಒತ್ತಿದ ಬರಹ ಇರುತ್ತದೆ: ಕ್ಯೂಬಾದ ಸಿಗಾರು ಕಂಪನಿಯ ಹೆಸರಾದ ಹಬಾನೋಸ್ ಎಸ್.ಎ., ಕ್ಯೂಬಾದಲ್ಲಿ ಮಾಡಿದ್ದೆನ್ನುವ ಹೆಚೊ ಎನ್ ಕೂಬಾ, ಮತ್ತು ಪೂರ್ತಿ ಕೈಯಿಂದಲೇ ಮಾಡಿದ್ದೆಂದು ಸಾರುವ ಟೊಟಾಲ್ಮೆಂತೆ ಆ ಮಾನೊ. ಕೊನೆಯದು 1989ರಿಂದ ಬಂದದ್ದು. ಅದರ ಜೊತೆ ಕಾರ್ಖಾನೆಯ ಗುಪ್ತ ಅಕ್ಷರಗಳು ಮತ್ತು ಪೆಟ್ಟಿಗೆ ತುಂಬಿದ ತಿಂಗಳು, ವರ್ಷ ಶಾಯಿಯ ಮೊಹರಿನಲ್ಲಿರುತ್ತವೆ. ನಿಮ್ಮದರಲ್ಲಿರುವ ಪುಡಿ ಎಲೆಯನ್ನು ಯಾವ ಲೆಕ್ಕಕ್ಕೂ ಹಿಡಿಯಲಾಗದು. ಸೇದದಿರುವುದೇ ಮೇಲು, ಅದರಲ್ಲಿ ಏನು ಬೆರೆತಿದೆಯೋ ಯಾರು ಬಲ್ಲರು.

ಲೆಕ್ಕಿಗ (ಶಹಾಪುರ):

ಅಂಕಪದ್ಧತಿಯ ಬಗ್ಗೆಯೇ ನನಗೆ ಆಕ್ಷೇಪವಿದೆ. ನೂರರಲ್ಲಿ 35 ಅಂಕ "ಒಟ್ಟು ಅನಿಸಿಕೆ"ಗೆ ಮೀಸಲಾಗಿದೆ. ಅನಿಸಿಕೆಗೆ ಇಷ್ಟು ದೊಡ್ಡ ಪಾಲು ಕೊಟ್ಟ ಮೇಲೆ ಉಳಿದ ಮೂರು ವಿಭಾಗಗಳನ್ನು ಅಷ್ಟು ಸೂಕ್ಷ್ಮವಾಗಿ ಅಳೆಯುವುದರ ಅರ್ಥವೇನು? 88ಕ್ಕೂ 86ಕ್ಕೂ ಇರುವ ಅಂತರ ಸಿಗಾರಿನದೋ, ಆ ದಿನದ ಮನಸ್ಸಿನದೋ?

ತೊಗರಿಕಣಜ (ಕಲಬುರಗಿ):

ಲೆಕ್ಕಿಗರ ಆಕ್ಷೇಪದ ಅರ್ಧವನ್ನು ಒಪ್ಪುತ್ತೇನೆ. ಎರಡು ಅಂಕದ ಅಂತರಕ್ಕೆ ಯಾವ ಬೆಲೆಯೂ ಇಲ್ಲ. ಆದರೆ ಮೊತ್ತವನ್ನು ಬಿಟ್ಟು ವಿಭಾಗಗಳನ್ನು ನೋಡಿ. ಭೀಮಾತೀರ ಅವರು ಕೊಟ್ಟ 61 ನನಗೆ ಏನನ್ನೂ ಹೇಳಲಿಲ್ಲ. ಎಳೆತ ಮತ್ತು ಉರಿಗೆ ಅವರು ಕೊಟ್ಟ 11 ಎಲ್ಲವನ್ನೂ ಹೇಳಿತು. ಕಟ್ಟೋಣ, ಉರಿ, ರುಚಿಗಳನ್ನು ಬೇರೆಬೇರೆ ಬರೆಯದೆ ಬರೀ "ಕೆಟ್ಟದಾಗಿತ್ತು" ಎಂದಿದ್ದರೆ ಕಾರಣ ಹುಡುಕಲು ದಾರಿಯೇ ಇರುತ್ತಿರಲಿಲ್ಲ. ಒಂದೇ ಸಿಗಾರಿನ ಮೇಲೆ ತೀರ್ಪು ಕೊಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೈಯಿಂದ ಮಾಡಿದ ವಸ್ತುವಿನಲ್ಲಿ ಒಂದರಿಂದೊಂದಕ್ಕೆ ವ್ಯತ್ಯಾಸ ಇದ್ದೇ ಇರುತ್ತದೆ, ನನ್ನದರಲ್ಲಿ ಗಂಟಿತ್ತು, ಬೀದರಿನದರಲ್ಲಿ ಇರಲಿಲ್ಲ. ತಲಾ ಎರಡು ಕೊಟ್ಟದ್ದು ಅದಕ್ಕಾಗಿಯೇ.

ಭೀಮಾತೀರ (ಯಾದಗಿರಿ):

ಉಪ್ಪಿನ ಪರೀಕ್ಷೆ ಮಾಡಿದೆ. 75 ತೋರಿಸಬೇಕಾದ ಕಡೆ ಮುಳ್ಳು 66ರಲ್ಲಿ ನಿಂತಿತ್ತು. ಅಂದರೆ ಅದು 68 ಎಂದಾಗ ಪೆಟ್ಟಿಗೆಯೊಳಗೆ ನಿಜವಾಗಿ 77ರಷ್ಟು ತೇವವಿತ್ತು. ಉಳಿದಿರುವ ಒಂದು ಸಿಗಾರನ್ನು ಈಗ ಏನು ಮಾಡಲಿ? ಇನ್ನೊಂದು ವಿಷಯ: ಪೆಟ್ಟಿಗೆಯ ಬೇರೆ ಸಿಗಾರುಗಳ ಮೇಲೆ ಬಿಳಿ ಪುಡಿ ಕಾಣಿಸುತ್ತಿದೆ. ಹಳೆಯದಾದಂತೆ ಎಣ್ಣೆ ಹೊರಬಂದು ಹೀಗೆ ಹರಳುಗಟ್ಟುತ್ತದೆ, ಅದು ಒಳ್ಳೆಯ ಲಕ್ಷಣ ಎಂದು ಓದಿದ್ದೇನೆ.

ತೊಗರಿಕಣಜ (ಕಲಬುರಗಿ):

77ರ ತೇವದಲ್ಲಿ ಕಾಣುವ ಬಿಳಿ ಪುಡಿಯನ್ನು ನಾನಂತೂ ಬೂಷ್ಟು ಎಂದೇ ತಿಳಿಯುತ್ತೇನೆ. ಅವನ್ನು ಬೇರೆ ಮಾಡಿ. ಬೂಷ್ಟು ಹಚ್ಚುವ ತುದಿಯ ಒಳಗೂ ಹೋಗಿದ್ದರೆ ಎಸೆದುಬಿಡಿ. ಸ್ಪಂಜನ್ನು ತೆಗೆದು ಹಾಕಿ. ಉಳಿದ ಸಿಗಾರನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೆಚ್ಚಾದರೆ ಹೀರಿ ಕಡಿಮೆಯಾದರೆ ಬಿಡುವ 65ರ ಪೊಟ್ಟಣದೊಂದಿಗೆ ಇಡಿ. ಅವಸರ ಮಾಡಿ ಹೊರಗೆ ಒಣಗಿಸಬೇಡಿ, ಹೊರ ಎಲೆ ಮಾತ್ರ ಒಣಗಿ ಬೀದರಿನವರಿಗೆ ಆದಂತೆ ಸೀಳುತ್ತದೆ. ಕೆಲವು ವಾರಗಳಾದರೂ ಬೇಕು.

ಡಬ್ಬಿ ಇಡುವ ಜಾಗವೂ ಮುಖ್ಯ. ಪುಸ್ತಕಗಳಲ್ಲಿ 18ರಿಂದ 21 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಮೇ ತಿಂಗಳಲ್ಲಿ 40 ದಾಟುವ ನಮ್ಮ ಊರುಗಳಲ್ಲಿ ಏಸಿ ಇಲ್ಲದೆ ಅದು ಆಗದ ಮಾತು. ಶಾಖ ಏರಿದರೆ ಎಲೆಯೊಳಗಿನ ತಂಬಾಕು ಜೀರುಂಡೆಯ ಮೊಟ್ಟೆ ಒಡೆದು, ಹುಳು ಎಲೆ ತಿನ್ನುತ್ತ, ಹೊರಬರುವಾಗ ಗುಂಡುಸೂಜಿ ಚುಚ್ಚಿದಂಥ ರಂಧ್ರ ಮಾಡುತ್ತದೆ. ಅದಕ್ಕಾಗಿ ಹೊಸ ಸಿಗಾರು ಬಂದೊಡನೆ ಎರಡು ಚೀಲಗಳಲ್ಲಿ ಬಿಗಿಯಾಗಿ ಮುಚ್ಚಿ ಫ್ರೀಜರಿನಲ್ಲಿ ಕೆಲವು ದಿನ ಇಟ್ಟು, ಆಮೇಲೆ ಒಂದು ದಿನ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು, ಕೊನೆಗೆ ಹೊರಗೆ ತರುತ್ತೇನೆ. ನೇರವಾಗಿ ಹೊರತಂದರೆ ಎಲೆ ಬಿರಿಯುತ್ತದೆ. ಆಮೇಲೆ ಡಬ್ಬಿಯನ್ನು ಮನೆಯ ನಡುಕೋಣೆಯಲ್ಲಿ, ಕಲ್ಲಿನ ನೆಲಕ್ಕೆ ತಾಗಿದಂತೆ, ಕೂಲರಿನಿಂದ ದೂರ ಇಡುತ್ತೇನೆ.

ಹೊಸಬಸೇಡಂ (ಸೇಡಂ):

ಇಷ್ಟೆಲ್ಲ ಕಷ್ಟಪಟ್ಟು ಇಟ್ಟುಕೊಳ್ಳುವ ಬದಲು ಸೇದುವ ದಿನವೇ ಹೈದರಾಬಾದಿನಿಂದ ಒಂದು ತಂದರಾಗದೇ?

ಬಿದರಿಕುಸುರಿ (ಬೀದರ್):

ಆಗುತ್ತದೆ, ಆದರೆ ಅಂಗಡಿಯವರು ಅದನ್ನು ಹೇಗೆ ಇಟ್ಟಿದ್ದರು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಕೊಳ್ಳುವಾಗ ಗಾಜಿನ ಕಪಾಟಿನೊಳಗಿನ ಮೀಟರನ್ನು ನೋಡಿ, ಸಿಗಾರನ್ನು ಬೆರಳಲ್ಲಿ ಹಗುರವಾಗಿ ಒತ್ತಿ ನೋಡಲು ಕೇಳಿ. ಒತ್ತಿದಾಗ ಗರಗರ ಸದ್ದು ಬಂದರೆ ಒಣಗಿದೆ, ತಗ್ಗಿ ಹಾಗೆಯೇ ಉಳಿದರೆ ತೇವ ಕುಡಿದಿದೆ. ತಗ್ಗಿ ಮತ್ತೆ ಮೇಲೆದ್ದರೆ ಕೊಳ್ಳಬಹುದು.

ಭೀಮಾತೀರ (ಯಾದಗಿರಿ):

ಕೆಲವು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಎರಡನೆಯ ಸಿಗಾರನ್ನು ನಿನ್ನೆ ರಾತ್ರಿ, ಗಾಳಿಯಿಲ್ಲದ ಪಡಸಾಲೆಯಲ್ಲಿ, ಬರೀ ನೀರಿನೊಂದಿಗೆ ಸೇದಿದೆ. ಒಮ್ಮೆಯೂ ಆರಲಿಲ್ಲ. ಎಳೆತ ಸಲೀಸು, ಉರಿಯ ಗೆರೆ ನೇರ. ಶೇಂಗಾ ಸ್ಪಷ್ಟವಾಗಿ ಸಿಕ್ಕಿತು, ಎರೆಮಣ್ಣಿನ ವಾಸನೆ ಮೂಗಿನಿಂದ ಬಿಟ್ಟಾಗ ಮಾತ್ರ. ತೊಗರಿಕಣಜ ಅವರು ಹೇಳುವ ಬೆಲ್ಲ ನನಗೆ ಈಗಲೂ ಸಿಗಲಿಲ್ಲ, ಬಿದರಿಕುಸುರಿ ಅವರ ಪಕ್ಷಕ್ಕೆ ನನ್ನದೊಂದು ಮತ.

ಆದರೆ ಕೊನೆಯ ಪಾಲಿನ ಕಹಿ ಹಾಗೆಯೇ ಇದೆ. ನಿಧಾನ ಮಾಡಿದೆ, ಎರಡು ನಿಮಿಷಕ್ಕೊಮ್ಮೆ ಎಳೆದೆ, ಹೋಗಲಿಲ್ಲ. ಈ ಸಲ ತೇವವೂ ಸರಿಯಿತ್ತು, ಗಾಳಿಯೂ ಇರಲಿಲ್ಲ. ಆದ್ದರಿಂದ ಈ ಕಹಿಯನ್ನು ಎಲೆಯ ಲೆಕ್ಕಕ್ಕೇ ಬರೆಯುತ್ತಿದ್ದೇನೆ, ರುಚಿಗೆ 17ಕ್ಕಿಂತ ಹೆಚ್ಚು ಕೊಡಲಾರೆ. ನೋಟಕ್ಕೆ 12, ಎಳೆತ ಮತ್ತು ಉರಿಗೆ 22, ಒಟ್ಟು ಅನಿಸಿಕೆಗೆ 28. ಮೊತ್ತ 79.

ತೊಗರಿಕಣಜ (ಕಲಬುರಗಿ):

11 ಇದ್ದದ್ದು 22 ಆಯಿತು, 16 ಇದ್ದದ್ದು 17ರಲ್ಲಿಯೇ ನಿಂತಿತು. ಮೊದಲನೆಯದು ಪೆಟ್ಟಿಗೆಯ ದೋಷ, ಎರಡನೆಯದು ಸಿಗಾರಿನದು. ಲಿಹೆರೊ ಎಲೆಯ ಪಾಲನ್ನು ಸ್ವಲ್ಪ ಕಡಿಮೆ ಮಾಡಿದ್ದರೆ ಆ ಕಹಿ ಇರುತ್ತಿರಲಿಲ್ಲವೆಂದು ನನ್ನ ಊಹೆ. ನನ್ನ 21 ಅಂಕವನ್ನು ನಾನು ಬದಲಿಸುವುದಿಲ್ಲ. ಎರಡನೆಯ ಪಾಲಿನ ಗುರೆಳ್ಳಿನ ಪರಿಮಳಕ್ಕೆ ಕೊಟ್ಟ ಅಂಕ ಅದು, ಕೊನೆಯ ಒಂದೂವರೆ ಅಂಗುಲವನ್ನು ಸೇದದೆ ಬಿಡುವವನಿಗೆ ಕಹಿಯ ಗೊಡವೆ ಇಲ್ಲ. ಬಿದರಿಕುಸುರಿ ಅವರ ಎರಡನೆಯ ಸಿಗಾರಿನ ಟಿಪ್ಪಣಿ ಇನ್ನೂ ಬರಬೇಕಿದೆ, ಈ ಸಲ ಮಾಳಿಗೆಯ ಮೇಲೆ ಬೇಡ. ಅದು ಬಂದ ಮೇಲೆ ಅಂಕ ಕೊಟ್ಟ ಇಬ್ಬರಿಗೂ ಸಿಗಾರಿನ ಹೆಸರನ್ನು ಖಾಸಗಿಯಾಗಿ ತಿಳಿಸುತ್ತೇನೆ.